ನಾಲ್ಕು ಚಕ್ರ ಇದ್ದರೂ ಪಲ್ಟಿ ಹೊಡೆಯುತ್ತೆ: ಮಕ್ಕಳ ಕೈಗೆ ಎಟಿವಿ ಕೊಡುವ ಮುಂಚೆ

ಕನಕಪುರ ರಸ್ತೆ, ಬಿಡದಿ, ರಾಮನಗರ, ನಂದಿಬೆಟ್ಟದ ಸುತ್ತಮುತ್ತಲಿನ ಯಾವುದಾದರೂ ರೆಸಾರ್ಟ್‌ನ ಡೇ ಔಟಿಂಗ್ ಪ್ಯಾಕೇಜ್ ತೆಗೆದು ನೋಡಿ. ಈಜುಕೊಳ, ರೈನ್ ಡಾನ್ಸ್, ಜಿಪ್‌ಲೈನ್, ಮಧ್ಯಾಹ್ನ ಊಟ, ಸಂಜೆ ಟೀ ಜೊತೆ ಬಜ್ಜಿ. ಇವುಗಳ ಮಧ್ಯೆ ಎಲ್ಲೋ ಒಂದು ಕಡೆ ‘ಎಟಿವಿ ರೈಡ್’ ಅಂತ ಇರುತ್ತದೆ. ಎಟಿವಿ ಅಂದರೆ ಆಲ್ ಟೆರೇನ್ ವೆಹಿಕಲ್, ಎಂಥ ನೆಲದ ಮೇಲೂ ಓಡಲೆಂದು ಮಾಡಿದ ಗಾಡಿ. ಮಕ್ಕಳು ಮೊದಲು ಓಡುವುದು ಅಲ್ಲಿಗೇ. ದಪ್ಪ ಟೈರಿನ, ಬೈಕಿನ ಹಾಗೆ ಹ್ಯಾಂಡಲ್ ಇರುವ, ಗುಡುಗುಡು ಸದ್ದು ಮಾಡುವ ಆ ಗಾಡಿಯನ್ನು ತಾವೇ ಓಡಿಸಬಹುದು ಎಂದರೆ ಯಾವ ಮಗು ತಾನೇ ಸುಮ್ನಿರುತ್ತದೆ?

ಅಪ್ಪ ಅಮ್ಮಂದಿರೂ ಬೇಡ ಅನ್ನುವುದು ಕಡಿಮೆ. ಹತ್ತು ವರ್ಷದ ಮಗನಿಗೆ ಸ್ಕೂಟರ್ ಕೀ ಕೊಡಲು ಒಪ್ಪದವರು ಇದಕ್ಕೆ ತಲೆಯಾಡಿಸುತ್ತಾರೆ. ಕಾರಣ ಒಂದೇ: ನಾಲ್ಕು ಚಕ್ರ ಇದೆ, ಬೀಳಲ್ಲ. ಈ ನಂಬಿಕೆಯೇ ಅಪಾಯದ ಮೂಲ. ಮಕ್ಕಳ ಹುಡುಗಾಟಕ್ಕಿಂತ ದೊಡ್ಡವರ ಈ ತಪ್ಪು ಲೆಕ್ಕ ಜಾಸ್ತಿ ಹಾನಿ ಮಾಡುತ್ತದೆ ಎಂದು ನನಗನ್ನಿಸುತ್ತದೆ.

ಎಟಿವಿ ಏಕೆ ಪಲ್ಟಿ ಹೊಡೆಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕಲ್ಲು ಗುಂಡಿ ದಾಟಬೇಕಾದ್ದರಿಂದ ಇದನ್ನು ನೆಲದಿಂದ ಎತ್ತರವಾಗಿ ಕಟ್ಟಿರುತ್ತಾರೆ. ಕಿರಿದಾದ ಕಾಡುದಾರಿಯಲ್ಲಿ ನುಗ್ಗಬೇಕಾದ್ದರಿಂದ ಅಗಲ ಕಡಿಮೆ. ಎತ್ತರ ಜಾಸ್ತಿ, ಅಗಲ ಕಡಿಮೆ ಎಂದಮೇಲೆ ಓರೆಯಾದಾಗ ಉರುಳುವುದು ಸುಲಭ. ಟೈರಿನಲ್ಲಿ ಗಾಳಿಯೂ ತೀರಾ ಕಮ್ಮಿ. ಕಾರಿನ ಟೈರಿಗೆ 30 ಪಿಎಸ್‌ಐ ಮೇಲೆ ಗಾಳಿ ಹಿಡಿಸಿದರೆ ಇದಕ್ಕೆ 3ರಿಂದ 7 ಪಿಎಸ್‌ಐ ಸಾಕು. ಮಣ್ಣಿನ ಮೇಲೆ ಮೆತ್ತಗೆ ಹರಡಿಕೊಳ್ಳಲಿ ಎಂದು ಮಾಡಿದ ಏರ್ಪಾಡು ಅದು.

ಇನ್ನೊಂದು ವಿಷಯ ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಕಾರು ತಿರುವು ತೆಗೆದುಕೊಳ್ಳುವಾಗ ಹೊರಬದಿಯ ಚಕ್ರ ಜಾಸ್ತಿ ದೂರ ಉರುಳಬೇಕು, ಒಳಬದಿಯದು ಕಡಿಮೆ. ಇದನ್ನು ಹೊಂದಿಸಲು ಕಾರಿನಲ್ಲಿ ಡಿಫರೆನ್ಷಿಯಲ್ ಇರುತ್ತದೆ. ಅನೇಕ ಎಟಿವಿಗಳಲ್ಲಿ, ಅದರಲ್ಲೂ ಸಣ್ಣ ಗಾಡಿಗಳಲ್ಲಿ, ಹಿಂದಿನ ಎರಡೂ ಚಕ್ರ ಒಂದೇ ಗಟ್ಟಿ ಆಕ್ಸಲ್‌ಗೆ ಜೋಡಿಸಿರುತ್ತವೆ. ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ಹಾಗಾಗಿ ತಿರುವಿನಲ್ಲಿ ಒಂದು ಚಕ್ರ ಜಾರಲೇಬೇಕು. ಮಣ್ಣಿನ ಮೇಲೆ ಜಾರುತ್ತದೆ, ತೊಂದರೆ ಇಲ್ಲ. ಡಾಂಬರಿನ ಮೇಲೆ ಜಾರುವುದಿಲ್ಲ. ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರ ಹೋಗಲು ನೋಡುತ್ತದೆ. ಮಗು ಇನ್ನೂ ಜೋರಾಗಿ ತಿರುಗಿಸುತ್ತದೆ. ಮುಂದಿನ ಟೈರು ಗಕ್ಕನೆ ನೆಲ ಕಚ್ಚುತ್ತದೆ, ಗಾಡಿ ಹೊರಬದಿಗೆ ಉರುಳುತ್ತದೆ. ‘ಮಣ್ಣಿನ ದಾರಿ ಕಷ್ಟ, ಮೊದಲು ಲೇಔಟ್ ರಸ್ತೆಯಲ್ಲಿ ಕಲಿಯಲಿ’ ಅನ್ನುವವರಿಗೆ ಇದನ್ನೇ ಹೇಳಬೇಕು. ಡಾಂಬರು ರಸ್ತೆಯೇ ಇದಕ್ಕೆ ಆಗಿಬರದ ಜಾಗ.

ಉರುಳದಂತೆ ತಡೆಯುವುದು ಸವಾರನ ಮೈತೂಕ. ತಿರುವಿನಲ್ಲಿ ಒಳಗೆ ವಾಲಬೇಕು, ಏರಿನಲ್ಲಿ ಮುಂದಕ್ಕೆ ಬಾಗಬೇಕು, ಇಳಿಜಾರಿನಲ್ಲಿ ಹಿಂದಕ್ಕೆ ಸರಿಯಬೇಕು. ಈಗ ಲೆಕ್ಕ ಹಾಕಿ. ಹತ್ತು ವರ್ಷದ ಮಗುವಿನ ತೂಕ ಹೆಚ್ಚುಕಡಿಮೆ 30 ಕೆಜಿ. ಮಕ್ಕಳದು ಎಂದು ಮಾರುವ ಗಾಡಿಗಳಲ್ಲೂ ಅನೇಕ 100 ಕೆಜಿ ದಾಟುತ್ತವೆ, ದೊಡ್ಡವರ ಗಾಡಿ 300 ಕೆಜಿ ಮುಟ್ಟುತ್ತದೆ. ಆ ಮಗು ಎಷ್ಟೇ ಸರಿಯಾಗಿ ವಾಲಿದರೂ ಗಾಡಿಗೆ ಅದು ಲೆಕ್ಕಕ್ಕೇ ಇಲ್ಲ. ಉರುಳಿದ ಮೇಲಂತೂ ಅದರಡಿಯಿಂದ ತಾನಾಗಿ ಎದ್ದು ಬರುವುದು ಆಗದ ಮಾತು. ಮಕ್ಕಳ ಎಟಿವಿ ಅಪಘಾತಗಳಲ್ಲಿ ತಲೆಯ ಪೆಟ್ಟಿನಷ್ಟೇ ಭಯ ಹುಟ್ಟಿಸುವುದು ಇದು: ಎದೆಯ ಮೇಲೆ ಗಾಡಿ ಬಿದ್ದು ಉಸಿರು ಕಟ್ಟುವುದು.

ಆಕ್ಸಿಲರೇಟರ್ ಬಗ್ಗೆಯೂ ಒಂದು ಮಾತು. ನಮ್ಮ ಸ್ಕೂಟರ್‌ಗಳಲ್ಲಿ ಹಿಡಿ ತಿರುವಿದರೆ ವೇಗ ಬರುತ್ತದೆ. ಎಟಿವಿಯಲ್ಲಿ ಬಲಗೈ ಹೆಬ್ಬೆರಳಿನಿಂದ ಒಂದು ಸಣ್ಣ ಲಿವರ್ ಒತ್ತಬೇಕು. ಗಾಬರಿಯಾದ ಮಗು ಏನು ಮಾಡುತ್ತದೆ? ಹ್ಯಾಂಡಲನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆಗ ಹೆಬ್ಬೆರಳೂ ಒತ್ತುತ್ತದೆ. ನಿಲ್ಲಬೇಕಾದ ಹೊತ್ತಿಗೆ ಗಾಡಿ ಮುಂದಕ್ಕೆ ಹಾರುತ್ತದೆ.

ಚಕ್ರ ಹೆಚ್ಚಾದರೆ ಅಪಾಯ ಹೋಗುತ್ತದೆ ಅನ್ನುವ ಲೆಕ್ಕ ಅಮೆರಿಕದಲ್ಲೂ ಕೈಕೊಟ್ಟಿದೆ. ಅಲ್ಲಿ 1970ರಲ್ಲಿ ಹೋಂಡಾ ಮಾರುಕಟ್ಟೆಗೆ ತಂದ ಎಟಿವಿಗೆ ಮೂರೇ ಚಕ್ರ. ಜನ ಮುಗಿಬಿದ್ದು ಕೊಂಡರು. 80ರ ದಶಕದಲ್ಲಿ ಆಸ್ಪತ್ರೆಗಳು ತುಂಬತೊಡಗಿದವು. 1988ರಲ್ಲಿ ಸರ್ಕಾರ ಮತ್ತು ಕಂಪನಿಗಳ ನಡುವೆ ಕೋರ್ಟ್ ಮೂಲಕ ಒಪ್ಪಂದವಾಗಿ ಹೊಸ ಮೂರು ಚಕ್ರದ ಎಟಿವಿಗಳ ಮಾರಾಟ ನಿಂತಿತು. ಅಷ್ಟರಲ್ಲಾಗಲೇ ನಾಲ್ಕು ಚಕ್ರದ ಗಾಡಿಗಳು ಬಂದಿದ್ದವು. ಗಾಡಿ ಮೊದಲಿಗಿಂತ ಸ್ಥಿರವಾಯಿತು, ನಿಜ. ಆದರೆ ಸಾವು ನೋವು ನಿಲ್ಲಲಿಲ್ಲ. ಮಕ್ಕಳೂ ದೊಡ್ಡ ಸಂಖ್ಯೆಯಲ್ಲೇ ಗಾಯಗೊಳ್ಳುತ್ತಾ ಹೋದರು. ಅದೇ 1988ರಲ್ಲಿ ಅಲ್ಲಿ ಎಟಿವಿ ಸುರಕ್ಷತಾ ಸಂಸ್ಥೆ ಶುರುವಾಯಿತು. ಗಾಡಿಯ ಜೊತೆ ಸವಾರನನ್ನೂ ತಿದ್ದಬೇಕು ಎಂದು ಆಗ ಒಪ್ಪಿಕೊಂಡರು.

ಯಾವ ವಯಸ್ಸಿಗೆ ಯಾವ ಗಾಡಿ? ಮೊದಲು ಎಂಜಿನ್ ಗಾತ್ರದ ಮೇಲೆ ಹೇಳುತ್ತಿದ್ದರು. 90 ಸಿಸಿ ಮೀರಿದ್ದು 16 ವರ್ಷ ತುಂಬಿದವರಿಗೆ ಮಾತ್ರ ಎಂಬ ಮಾತು ಈಗಲೂ ಚಾಲ್ತಿಯಲ್ಲಿದೆ. ಆಮೇಲೆ ಬಂದ ಅಮೆರಿಕದ ಮಾನದಂಡ ವೇಗವನ್ನು ಹಿಡಿದುಕೊಂಡಿತು. 6 ವರ್ಷ ಮೇಲ್ಪಟ್ಟವರ ಗಾಡಿ ಕಾರ್ಖಾನೆಯಿಂದ ಬರುವಾಗಲೇ ಗಂಟೆಗೆ ಸುಮಾರು 16 ಕಿ.ಮೀ.ಗೆ ಕಟ್ಟಿಹಾಕಿರಬೇಕು. 10 ವರ್ಷ ಮೇಲ್ಪಟ್ಟವರದ್ದು ಸುಮಾರು 24 ಕಿ.ಮೀ.ಗೆ. ಆದರೆ ಅಲ್ಲಿನ ಮಕ್ಕಳ ವೈದ್ಯರ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಇದನ್ನೂ ಒಪ್ಪುವುದಿಲ್ಲ. 16ಕ್ಕಿಂತ ಚಿಕ್ಕವರು ಎಟಿವಿ ಓಡಿಸಲೇಬಾರದು ಎಂಬುದು ಅದರ ನಿಲುವು. ಬಾಡಿಗೆ ಗಾಡಿಯ ಮಟ್ಟಿಗೆ ನಾನು ವೈದ್ಯರ ಕಡೆ. ಸ್ವಂತ ಗಾಡಿ, ಸರಿಯಾದ ಅಳತೆ, ತಿಂಗಳುಗಟ್ಟಲೆ ಕಲಿಸುವ ದೊಡ್ಡವರು, ಇಷ್ಟೂ ಇದ್ದರೆ ಅದು ಬೇರೆ ಮಾತು. ಊಟಕ್ಕೆ ಮುಂಚೆ ಎರಡು ರೌಂಡ್ ಹೊಡೆದು ಬರುವ ಕಡೆ ಇದ್ಯಾವುದೂ ಇರುವುದಿಲ್ಲ.

ಗಾಡಿ ಮಗುವಿಗೆ ಹೊಂದುತ್ತದೋ ಇಲ್ಲವೋ ಎಂದು ನೋಡಲು ಮೆಕ್ಯಾನಿಕ್ ಆಗಬೇಕಿಲ್ಲ. ಎಂಜಿನ್ ಆಫ್ ಇರುವಾಗ ಮಗುವನ್ನು ಹತ್ತಿಸಿ, ಎರಡೂ ಫುಟ್‌ರೆಸ್ಟ್ ಮೇಲೆ ನೇರವಾಗಿ ನಿಲ್ಲಲು ಹೇಳಿ. ಸೀಟಿಗೂ ಪ್ಯಾಂಟಿಗೂ ನಡುವೆ ಮೂರು ಇಂಚಾದರೂ ಜಾಗ ಇರಬೇಕು. ಇಲ್ಲದಿದ್ದರೆ ಹಳ್ಳದಲ್ಲಿ ಗಾಡಿ ಎಗರಿದಾಗ ಮಗುವೂ ಎಗರುತ್ತದೆ. ಆಮೇಲೆ ಕೂರಿಸಿ, ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಲು ಹೇಳಿ. ಬಲಗೈ ಹೆಬ್ಬೆರಳು ಆಕ್ಸಿಲರೇಟರ್ ಮೇಲೇ ಇದೆಯಾ, ಅಥವಾ ಅದನ್ನು ಮುಟ್ಟಲು ಮೈಯೆಲ್ಲಾ ಮುಂದಕ್ಕೆ ಹೋಗಬೇಕಾಯಿತಾ? ಮಂಡಿ ಹ್ಯಾಂಡಲ್‌ಗೆ ತಾಗುತ್ತಿದೆಯಾ? ಬ್ರೇಕ್ ಲಿವರ್ ಮೇಲೆ ಬೆರಳಿನ ಮೊದಲ ಗೆಣ್ಣಾದರೂ ಬರುತ್ತಿದೆಯಾ? ಇವುಗಳಲ್ಲಿ ಒಂದು ಸರಿಯಿಲ್ಲದಿದ್ದರೂ ಆ ಗಾಡಿ ಆ ಮಗುವಿಗಲ್ಲ. ಎರಡು ನಿಮಿಷದ ಕೆಲಸ. ಕ್ಯೂನಲ್ಲಿ ಹಿಂದೆ ನಿಂತವರು ಗೊಣಗಬಹುದು, ಗೊಣಗಲಿ.

ಇಲ್ಲಿ ನಮ್ಮ ಕಡೆಯ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ಮಗು ಚಿಕ್ಕದಿದ್ದರೆ ಅಲ್ಲಿಯ ಸಿಬ್ಬಂದಿ ಹಿಂದೆ ಕೂರುತ್ತಾರೆ, ಹ್ಯಾಂಡಲ್ ಮಗುವಿನ ಕೈಯಲ್ಲಿ. ಕನಕಪುರ ರಸ್ತೆಯಾಚೆ ಒಂದು ಕಡೆ ಇದನ್ನು ನಿಂತು ನೋಡಿದ್ದೇನೆ. ಹುಡುಗಿಗೆ ಎಂಟೋ ಒಂಬತ್ತೋ ಇರಬೇಕು. ಕೊಟ್ಟ ಹೆಲ್ಮೆಟ್ ದೊಡ್ಡವರದು, ತಲೆ ಅಲ್ಲಾಡಿಸಿದರೆ ಅದು ಬೇರೆಯಾಗಿ ಅಲ್ಲಾಡುತ್ತಿತ್ತು. ಗದ್ದದ ಪಟ್ಟಿಯ ಲಾಕ್ ಮುರಿದಿತ್ತು, ಗಂಟು ಹಾಕಿಕೊಟ್ಟರು. ತಾಯಿ ಅನುಮಾನದಿಂದ ನೋಡಿದಾಗ ಸಿಬ್ಬಂದಿಯ ಹುಡುಗ ನಕ್ಕು, “ಏನೂ ಆಗಲ್ಲ ಮೇಡಂ, ನಾನ್ ಹಿಂದೆ ಇರ್ತೀನಲ್ಲ” ಅಂದ. ಅವನ ಧೈರ್ಯದಲ್ಲಿ ಸುಳ್ಳಿರಲಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಅವನು ಹಿಂದೆ ಕೂತಿದ್ದರಿಂದ ಅಪಾಯ ಹೆಚ್ಚಿತು. ಸಾಮಾನ್ಯ ಎಟಿವಿ ಒಬ್ಬರಿಗಾಗಿಯೇ ಮಾಡಿದ ಗಾಡಿ. ಸೀಟು ಉದ್ದ ಇರುವುದು ಸವಾರ ಹಿಂದೆ ಮುಂದೆ ಸರಿಯಲಿ ಎಂದು. ಅಲ್ಲಿ ಇನ್ನೊಬ್ಬರು ಕೂತರೆ ಸರಿಯಲು ಜಾಗವಿಲ್ಲ, ಭಾರವೆಲ್ಲ ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ಏರಿನಲ್ಲಿ ಮುಂದಿನ ಚಕ್ರ ಏಳುತ್ತದೆ. ಹಿಂದೆ ಕೂತವನ ಕೈ ಬ್ರೇಕಿಗೆ ಸಲೀಸಾಗಿ ಸಿಗುವುದೂ ಇಲ್ಲ. ಇಬ್ಬರಿಗೆಂದೇ ಮಾಡಿದ ಉದ್ದನೆಯ ಎಟಿವಿಗಳು ಇವೆ. ಅವುಗಳಲ್ಲಿ ಹಿಂದಿನವರಿಗೆ ಬೇರೆ ಸೀಟು, ಹಿಡಿ, ಫುಟ್‌ರೆಸ್ಟ್ ಇರುತ್ತವೆ. ಅಲ್ಲೂ ಓಡಿಸಬೇಕಾದವರು ದೊಡ್ಡವರೇ.

ಹಾಗಾದರೆ ಕಲಿಸುವುದು ಹೇಗೆ? ಸಿಬ್ಬಂದಿ ಹೇಳುವ ‘ಇದು ರೇಸು, ಇದು ಬ್ರೇಕು, ಹೋಗಿ’ ಪಾಠವಲ್ಲ. ಅಮೆರಿಕದ ಸುರಕ್ಷತಾ ಸಂಸ್ಥೆಯ ಮೊದಲ ಕೋರ್ಸೇ ಅರ್ಧ ದಿನ ತೆಗೆದುಕೊಳ್ಳುತ್ತದೆ. ಹೊರಡುವ ಮುಂಚೆ ಗಾಡಿ ಪರೀಕ್ಷೆ ಮಾಡುವುದು ಮೊದಲ ಪಾಠ: ಟೈರಿನ ಗಾಳಿ, ಆಕ್ಸಿಲರೇಟರ್ ಬಿಟ್ಟಾಗ ತಾನಾಗಿ ವಾಪಸ್ ಬರುತ್ತದಾ, ಬ್ರೇಕು, ಲೈಟು, ಎಣ್ಣೆ, ಚೈನು. ಆಮೇಲೆ ಸಮತಟ್ಟಾದ ಮಣ್ಣಿನ ಮೈದಾನದಲ್ಲಿ ಹೊರಡುವುದು, ನಿಲ್ಲಿಸುವುದು. ನಿಲ್ಲಿಸುವುದು ಕೈವಶವಾಗುವ ತನಕ ತಿರುವು ಇಲ್ಲ. ತಿರುವಿಗೆ ಕೋನ್ ಇಟ್ಟು ನಿಧಾನವಾಗಿ ವೃತ್ತ, ನಂತರ ಇಂಗ್ಲಿಷಿನ ಎಂಟರ ಆಕಾರ. ನೋಟ ಎತ್ತ ಹೋಗಬೇಕೋ ಅತ್ತ ಇರಬೇಕು, ಮುಂದಿನ ಚಕ್ರದ ಮೇಲಲ್ಲ. ಆಮೇಲೆ ಗಕ್ಕನೆ ನಿಲ್ಲಿಸುವುದು, ಅಡ್ಡ ಬಂದದ್ದನ್ನು ತಪ್ಪಿಸುವುದು. ಏರು ಇಳಿಜಾರು ಕೊನೆಯಲ್ಲಿ. ನಮ್ಮ ಮಕ್ಕಳಿಗೆ ಏರಿನ ಪಾಠದಲ್ಲಿ ಒಂದನ್ನು ಒತ್ತಿ ಹೇಳಬೇಕು: ಅರ್ಧ ಏರಿನಲ್ಲಿ ಗಾಡಿ ನಿಂತರೆ ಬ್ರೇಕ್ ಹಿಡಿದು, ಎಂಜಿನ್ ಆಫ್ ಮಾಡಿ, ಏರಿನ ಮೇಲ್ಗಡೆಗೆ ಇಳಿಯಬೇಕು. ಜಾರುವ ಗಾಡಿಯನ್ನು ಹಿಡಿದು ನಿಲ್ಲಿಸಲು ಹೋಗಬಾರದು.

ಬೆಂಗಳೂರಿನ ಮಕ್ಕಳಿಗೆ ಕಲಿಸುವಾಗ ಒಂದು ವಿಶೇಷ ತೊಡಕು ಇದೆ. ಇವರು ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಸೈಕಲ್ ತುಳಿದವರು, ಅಪ್ಪನ ಸ್ಕೂಟರ್ ಹಿಂದೆ ಕೂತು ಟ್ರಾಫಿಕ್ ನೋಡಿದವರು. ಗಾಡಿ ವಾಲಿತೆಂದರೆ ಕಾಲು ಊರಬೇಕು ಎಂಬುದು ಇವರ ಮೈಗೇ ಹತ್ತಿಹೋಗಿದೆ. ಎಟಿವಿಯಲ್ಲಿ ಕಾಲು ಕೆಳಗೆ ಬಿಟ್ಟರೆ ಹಿಂದಿನ ಚಕ್ರ ಅದನ್ನು ಎಳೆದುಕೊಳ್ಳುತ್ತದೆ, ಪಾದದ ಮೇಲೇ ಹತ್ತುತ್ತದೆ. ಆದ್ದರಿಂದ ‘ಏನೇ ಆದರೂ ಕಾಲು ಮೇಲೇ ಇರಲಿ’ ಎಂದು ಮೊದಲ ಅರ್ಧ ಗಂಟೆ ಹೇಳುತ್ತಲೇ ಇರಬೇಕು. ಚಪ್ಪಲಿ, ಕ್ರಾಕ್ಸ್ ಹಾಕಿಕೊಂಡು ಬಂದ ಮಗುವನ್ನು ಹತ್ತಿಸದಿರಲು ಇದೊಂದೇ ಕಾರಣ ಸಾಕು. ಕಣಕಾಲು ಮುಚ್ಚುವ ಶೂ, ಉದ್ದ ಪ್ಯಾಂಟು, ತುಂಬುತೋಳು, ಗ್ಲೌಸು, ಕಣ್ಣಿಗೆ ಕನ್ನಡಕ. ಹೆಲ್ಮೆಟ್ ಐಎಸ್‌ಐ ಗುರುತಿನದು, ಮುಖ ಪೂರ್ತಿ ಮುಚ್ಚುವಂಥದು, ಮಗುವಿನ ತಲೆಯ ಅಳತೆಯದು. ಈಜುಕೊಳದಿಂದ ಎದ್ದು ಒದ್ದೆ ಚಡ್ಡಿಯಲ್ಲೇ ಎಟಿವಿ ಹತ್ತುವ ಮಕ್ಕಳನ್ನು ರೆಸಾರ್ಟ್‌ಗಳಲ್ಲಿ ನೋಡಿಯೇ ಇರುತ್ತೀರಿ.

ಮಕ್ಕಳಿಗೆಂದು ಮಾಡಿದ ಒಳ್ಳೆ ಗಾಡಿಗಳಲ್ಲಿ ಕಲಿಸುವವರಿಗೆ ಎರಡು ಸಹಾಯಗಳಿರುತ್ತವೆ. ಆಕ್ಸಿಲರೇಟರ್ ಎಷ್ಟು ಒತ್ತಬಹುದು ಎಂಬುದನ್ನು ಒಂದು ಸ್ಕ್ರೂ ತಿರುಗಿಸಿ ಮಿತಿಗೊಳಿಸಬಹುದು. ಇನ್ನೊಂದು, ಹಿಂದಿನಿಂದ ನೇತಾಡುವ ಹಗ್ಗ ಅಥವಾ ಸವಾರನ ಮಣಿಕಟ್ಟಿಗೆ ಕಟ್ಟುವ ದಾರ. ಅದನ್ನು ಎಳೆದರೆ ಎಂಜಿನ್ ಬಂದ್. ಕೆಲವಕ್ಕೆ ರಿಮೋಟೂ ಬರುತ್ತದೆ. ರೆಸಾರ್ಟ್‌ನಲ್ಲಿ ಇದು ಇದೆಯಾ ಎಂದು ಕೇಳಿ ನೋಡಿ. ಉತ್ತರ ಬರುವ ರೀತಿಯಲ್ಲೇ ಅಲ್ಲಿಯವರಿಗೆ ಈ ಗಾಡಿ ಎಷ್ಟು ಗೊತ್ತು ಎಂದು ತಿಳಿಯುತ್ತದೆ.

ಇನ್ನು ಕಾನೂನು. ಬಾಡಿಗೆಗೆ ಓಡುವ ಎಟಿವಿಗಳು ಸಾಮಾನ್ಯವಾಗಿ ರಸ್ತೆಗೆ ನೋಂದಣಿಯಾದ ಗಾಡಿಗಳಲ್ಲ. ಅವುಗಳಿಗೆ ನಂಬರ್ ಪ್ಲೇಟ್ ಇಲ್ಲ, ಆದ್ದರಿಂದ ಸಾರ್ವಜನಿಕ ರಸ್ತೆಗೆ ತರುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಜನರಿಗೆ ಹೋಗಿಬರುವ ಹಕ್ಕಿರುವ ಜಾಗವೆಲ್ಲ ಸಾರ್ವಜನಿಕ ಸ್ಥಳವೇ. ಲೇಔಟ್ ರಸ್ತೆ, ಹಳ್ಳಿಯ ಮಣ್ಣುದಾರಿ ಎಲ್ಲವೂ ಅದರಲ್ಲಿ ಬರುತ್ತವೆ. 16 ತುಂಬಿದವರಿಗೆ 50 ಸಿಸಿ ಒಳಗಿನ ಬೈಕ್ ಬಿಟ್ಟರೆ 18ರ ಮುಂಚೆ ಯಾವ ಲೈಸೆನ್ಸೂ ಇಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಸೆಕ್ಷನ್ ಹೆತ್ತವರಿಗೇ ಬಿಸಿ ಮುಟ್ಟಿಸುತ್ತದೆ. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಮಗುವಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ.

ಇಷ್ಟೆಲ್ಲ ಬಿಗಿ ಗೇಟಿನ ಆಚೆಗೆ. ಬೇಲಿ ಹಾಕಿದ ಖಾಸಗಿ ಜಾಗದೊಳಗೆ ಪೊಲೀಸರೂ ಇಲ್ಲ, ಆರ್‌ಟಿಒ ಕೂಡ ಇಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಸಾಹಸ ಪ್ರವಾಸ ಸಂಘಟಕರ ಜೊತೆ ಸೇರಿ 2018ರಲ್ಲಿ ಹೊರತಂದ ಸಾಹಸ ಪ್ರವಾಸೋದ್ಯಮ ಮಾರ್ಗಸೂಚಿಯಲ್ಲಿ ಎಟಿವಿಗೂ ಒಂದು ಅಧ್ಯಾಯವಿದೆ. ಆದರೆ ಅದು ಮಾರ್ಗಸೂಚಿ, ಪಾಲಿಸದವರಿಗೆ ದಂಡ ಹಾಕುವ ಕಾನೂನಲ್ಲ. ಅಪಘಾತವಾದರೆ ಲೆಕ್ಕಕ್ಕೂ ಸರಿಯಾಗಿ ಸಿಗುವುದಿಲ್ಲ. ಕೇಂದ್ರದ ವಾರ್ಷಿಕ ರಸ್ತೆ ಅಪಘಾತ ವರದಿಯಲ್ಲಿ ಬೈಕು, ಆಟೊ, ಕಾರು, ಲಾರಿ, ಬಸ್ಸಿಗೆ ಬೇರೆ ಬೇರೆ ಕಾಲಂ ಇವೆ, ಎಟಿವಿಗೆ ಇಲ್ಲ. ಅಲ್ಲದೆ ರೆಸಾರ್ಟ್ ಒಳಗೆ ನಡೆದದ್ದು ರಸ್ತೆ ಅಪಘಾತವೇ ಅಲ್ಲ. ಎಣಿಸದೆ ಇದ್ದದ್ದಕ್ಕೆ ನಿಯಮ ಮಾಡುವವರು ಯಾರು?

ಕೌಂಟರ್‌ನಲ್ಲಿ ಸಹಿ ಹಾಕಿಸಿಕೊಳ್ಳುವ ‘ಏನಾದರೂ ಆದರೆ ನಾವು ಹೊಣೆಯಲ್ಲ’ ಎಂಬ ಚೀಟಿಯ ಬಗ್ಗೆ ಬಹಳ ಜನರಿಗೆ ಗೊಂದಲ. 1872ರ ಕರಾರು ಕಾಯ್ದೆ ಪ್ರಕಾರ ಅಪ್ರಾಪ್ತರು ಕರಾರು ಮಾಡಿಕೊಳ್ಳಲು ಅರ್ಹರೇ ಅಲ್ಲ, ಅವರ ಸಹಿಗೆ ಬೆಲೆ ಇಲ್ಲ. ನೀವು ಸಹಿ ಹಾಕಿದರೂ ಮುರಿದ ಹೆಲ್ಮೆಟ್ ಕೊಟ್ಟ ನಿರ್ಲಕ್ಷ್ಯ ಅದರಿಂದ ತೊಳೆದುಹೋಗುವುದಿಲ್ಲ. ಸೇವೆಯಲ್ಲಿ ಲೋಪ ಎಂದು ಗ್ರಾಹಕ ಆಯೋಗದ ಬಾಗಿಲು ತಟ್ಟಬಹುದು. ಇನ್ಶೂರೆನ್ಸ್ ವಿಷಯ ಇದಕ್ಕಿಂತ ತೊಡಕಿನದು. ಅನೇಕ ಪಾಲಿಸಿಗಳು ಸಾಹಸ ಕ್ರೀಡೆಯ ಗಾಯವನ್ನು ಹೊರಗಿಡುತ್ತವೆ. ಸಣ್ಣ ಅಕ್ಷರ ಓದಿ.

ಬೇರೆಯವರು ಏನು ಮಾಡಿದರು? ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2010ರಲ್ಲಿ 14ಕ್ಕಿಂತ ಚಿಕ್ಕವರು ಎಟಿವಿ ಓಡಿಸುವುದನ್ನು ನಿಷೇಧಿಸಿತು. ಅದಕ್ಕಿಂತ ದೊಡ್ಡ ಅಪ್ರಾಪ್ತರಿಗೆ ತರಬೇತಿ ಕಡ್ಡಾಯ. ತರಗತಿಯ ಒಂದು ಭಾಗಕ್ಕೆ ಹೆತ್ತವರೂ ಬರಬೇಕು. ನನಗೆ ಇಷ್ಟವಾದದ್ದು ಈ ಕೊನೆಯ ಮಾತು. ಮುಂದಿನ ವರ್ಷಗಳಲ್ಲಿ ಅಲ್ಲಿ ಎಟಿವಿಯಿಂದ ಗಾಯಗೊಂಡು ಆಸ್ಪತ್ರೆಗೆ ಬರುವ ಮಕ್ಕಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಆಸ್ಟ್ರೇಲಿಯಾ ಗಾಡಿಯನ್ನೇ ಹಿಡಿಯಿತು. 2021ರ ಅಕ್ಟೋಬರ್‌ನಿಂದ ಅಲ್ಲಿ ಮಾರುವ ಸಾಮಾನ್ಯ ಬಳಕೆಯ ಹೊಸ ಕ್ವಾಡ್ ಬೈಕ್‌ಗಳಿಗೆ (ಎಟಿವಿಗೆ ಅಲ್ಲಿನ ಹೆಸರು), ಪಲ್ಟಿಯಾದಾಗ ಸವಾರ ಅಡಿಗೆ ಸಿಕ್ಕಿಕೊಳ್ಳದಂತೆ ಕಾಪಾಡುವ ಕಂಬಿ ಇರಲೇಬೇಕು.

ಕರ್ನಾಟಕಕ್ಕೆ ಇದು ಆಗದ ಕೆಲಸವಲ್ಲ. ಬಂಡೆ ಹತ್ತುವುದು, ರ‍್ಯಾಫ್ಟಿಂಗ್ ಕಲಿಸಲು ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ನಮ್ಮಲ್ಲೇ ಇದೆ. ಎಟಿವಿ ಓಡಿಸಿಕೊಡುವ ಸಿಬ್ಬಂದಿಗೆ ಅಲ್ಲಿ ಒಂದು ಸಣ್ಣ ಕೋರ್ಸ್ ಮಾಡಿ, ಪ್ರಮಾಣಪತ್ರ ಇದ್ದವರಿಗೇ ಕೆಲಸ ಎಂದರೆ ಅರ್ಧ ಸಮಸ್ಯೆ ಇಳಿಯುತ್ತದೆ. ಉಳಿದರ್ಧಕ್ಕೆ ವಯಸ್ಸಿನ ಮಿತಿ, ವೇಗದ ಮಿತಿ, ಒಂದು ಗಾಡಿಗೆ ಒಬ್ಬರು, ಅಪಘಾತ ದಾಖಲಿಸುವ ಪುಸ್ತಕ. ರೆಸಾರ್ಟ್‌ಗಳಿಗೆ ಲೈಸೆನ್ಸ್ ನವೀಕರಿಸುವಾಗಲೇ ಇವನ್ನು ಕೇಳಬಹುದು.

ಹೊಣೆಗಾರಿಕೆಯ ಪಾಠ ಮಗುವಿನ ಮೈ ಕಾಪಾಡುವಲ್ಲಿಗೆ ಮುಗಿಯುವುದಿಲ್ಲ. ಗಾಡಿ ಹೋಗುವ ನೆಲ ಯಾರದ್ದು ಎಂಬುದೂ ಅದರಲ್ಲಿ ಸೇರಬೇಕು. ಹೆಸರಘಟ್ಟದ ಹುಲ್ಲುಗಾವಲನ್ನು ಖಾಲಿ ಮೈದಾನ ಎಂದುಕೊಂಡು ಜೀಪು ಬೈಕು ನುಗ್ಗಿಸಿದವರಿದ್ದಾರೆ. ಅದನ್ನು ಉಳಿಸಲು ಪಕ್ಷಿಪ್ರಿಯರು ವರ್ಷಗಟ್ಟಲೆ ಹೋರಾಡಬೇಕಾಯಿತು. ಟಿಟ್ಟಿಭ, ನೆಲಗುಬ್ಬಿಗಳಂಥ ಹಕ್ಕಿಗಳು ಗೂಡು ಕಟ್ಟುವುದು ಮರದಲ್ಲಲ್ಲ, ಬಯಲು ನೆಲದ ಮೇಲೆ. ಮೊಟ್ಟೆ ಮಣ್ಣಿನ ಬಣ್ಣದ್ದೇ. ಟಿಟ್ಟಿಭ ಮೊಟ್ಟೆ ಇಡುವ ಕಾಲ, ನಮ್ಮ ಮಕ್ಕಳ ಬೇಸಿಗೆ ರಜೆ ಎರಡೂ ಒಂದೇ ಹೊತ್ತಿಗೆ ಬರುತ್ತವೆ. ರಾಮನಗರದ ಕಡೆಯಾದರೆ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಅಭಯಾರಣ್ಯ. ಒಣಗಿದ ಕೆರೆ ಅಂಗಳ ಕುರಿ ಮೇಯುವ ಜಾಗ. ಹೊಲದ ಬದು ಒಂದು ಸಲ ಕುಸಿದರೆ ಮೊದಲ ಮಳೆಗೇ ಮಣ್ಣು ಕೊಚ್ಚಿಹೋಗುತ್ತದೆ, ರೈತ ಅದನ್ನು ಮತ್ತೆ ಕಟ್ಟಬೇಕು. ಗುರುತು ಮಾಡಿದ ಟ್ರ್ಯಾಕ್ ಬಿಟ್ಟು ಆಚೆ ಹೋಗಬಾರದು, ದನಕರು ಕಂಡರೆ ಎಂಜಿನ್ ಆಫ್ ಮಾಡಿ ನಿಲ್ಲಬೇಕು ಎಂಬುದನ್ನೂ ಬ್ರೇಕ್ ಹಿಡಿಯುವ ಪಾಠದ ಜೊತೆಗೇ ಹೇಳಿಕೊಡಬೇಕು.

ಈಚೆಗೆ ತೋಟದ ಮನೆ ಇರುವವರು ಮಕ್ಕಳ ಹುಟ್ಟುಹಬ್ಬಕ್ಕೆ ಸಣ್ಣ ಎಟಿವಿಯನ್ನೇ ಆನ್‌ಲೈನ್‌ನಲ್ಲಿ ತರಿಸುತ್ತಿದ್ದಾರೆ. ಬಿಡಿಭಾಗಗಳಾಗಿ ಬಂದು, ಪಕ್ಕದ ಗ್ಯಾರೇಜಿನವರು ಜೋಡಿಸಿಕೊಡುವ ಗಾಡಿಗಳೂ ಇವೆ. ಕೊಳ್ಳುವುದೇ ಆದರೆ ವೇಗ ಮಿತಿಯ ಸ್ಕ್ರೂ, ಎಂಜಿನ್ ಬಂದ್ ಮಾಡುವ ದಾರ, ನಾಲ್ಕೂ ಚಕ್ರ ನಿಲ್ಲಿಸುವ ಬ್ರೇಕು ಇವೆಯಾ ನೋಡಿ. ಕೀ ನಿಮ್ಮ ಹತ್ತಿರವೇ ಇರಲಿ. ‘ಇನ್ನು ಎರಡು ವರ್ಷಕ್ಕೆ ಬೆಳೆದುಬಿಡ್ತಾನೆ’ ಎಂದು ಶೂ ಕೊಳ್ಳುವ ಹಾಗೆ ಒಂದು ಸೈಜ್ ದೊಡ್ಡದು ತರಬೇಡಿ. ತಂದ ಮೇಲೆ ಮೊದಲು ನೀವು ಓಡಿಸಿ ನೋಡುವುದೂ ಬೇಡ. ಮಕ್ಕಳ ಗಾಡಿ ದೊಡ್ಡವರ ತೂಕಕ್ಕೆ ಮಾಡಿದ್ದಲ್ಲ, ಎಷ್ಟು ಕೆಜಿ ತಡೆಯುತ್ತದೆ ಎಂದು ಅದರ ಮೇಲಿನ ಸ್ಟಿಕ್ಕರಿನಲ್ಲೇ ಬರೆದಿರುತ್ತದೆ. ನೀವು ಪಕ್ಕದಲ್ಲಿ ನಡೆಯುತ್ತಾ ಹೇಳಿಕೊಡುವಷ್ಟು ನಿಧಾನವಾಗಿ ಓಡಿದರೆ ಮೊದಲ ದಿನಕ್ಕೆ ಆ ವೇಗ ಸಾಕು.